ದ್ವೀಪಕ್ಕೆ ಹೊರಟ ಸೂಜಿ ಡಾಕ್ಟ್ರು

ಮ್ಯೂನಿಕ್ಕಿನ ಆ ದವಾಖಾನೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ, ಯಾರೂ ನರಳುತ್ತಿರಲಿಲ್ಲ. ಎಲ್ಲರೂ ಕೆಂಪಗೆ, ಗಟ್ಟಿಮುಟ್ಟಾಗಿ, ಮದುವೆಗೆ ಬಂದ ಬೀಗರ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು. ಬಾಗಿಲು ತೆರೆದು ಬಂದ ಪ್ರತಿಯೊಬ್ಬರೂ ಇಡೀ ಕೋಣೆಗೆ ಕೇಳುವಂತೆ ನಮಸ್ಕಾರ ಹೇಳುತ್ತಿದ್ದರು. ಕೂತವರೆಲ್ಲ ಒಂದೇ ದನಿಯಲ್ಲಿ ಮರುನಮಸ್ಕಾರ ಹೇಳುತ್ತಿದ್ದರು. ಮೊದಲ ಸಲ ಹೀಗಾದಾಗ ನನ್ನ ಗಂಡ ಗಾಬರಿಯಿಂದ ಎದ್ದೇ ನಿಂತರು.

"ಇವರೊಳಗ ಪೇಶಂಟ್ ಯಾರು?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಎಲ್ಲಾರೂ."

"ಏನಾಗೈತಿ ಇವ್ರಿಗೆ?"

"ಏನೂ ಆಗಿಲ್ರೀ. ಆಗಬಾರದು ಅಂತ ಬಂದಾರ."

ಇವರು ನಂಬಲಿಲ್ಲ. ರೋಗಕ್ಕಿಂತ ಮೊದಲೇ ರೋಗಿಗಳು ಬಂದು ಕೂರುವ ದವಾಖಾನೆಯನ್ನು ಇವರು ಕಂಡವರೇ ಅಲ್ಲ. ನಾವೂ ಹಾಗೆಯೇ ಬಂದವರು ಎಂಬುದು ಇವರಿಗೆ ಆ ಕ್ಷಣ ಮರೆತಿತ್ತು.

ನಾವು ಹುಬ್ಬಳ್ಳಿಯವರು. ನಾನು ಗ್ರೀನ್ ಕಾರ್ಡಿನ ಮೇಲೆ ಬಂದವಳು. ಗ್ರೀನ್ ಕಾರ್ಡ್ ಎಂದ ಕೂಡಲೇ ಊರಿನವರೆಲ್ಲ ಅಮೆರಿಕ ಎಂದುಕೊಳ್ಳುತ್ತಾರೆ. ಜರ್ಮನಿಯವರೂ ಕಂಪ್ಯೂಟರ್ ಮಂದಿಗೆಂದೇ ಐದು ವರ್ಷದ್ದೊಂದು ಕೊಡುತ್ತಿದ್ದಾರೆ ಎಂದು ಬಿಡಿಸಿ ಹೇಳಿ ಹೇಳಿ ನನಗೆ ಸಾಕಾಗಿದೆ. ನನ್ನ ಗಂಡ ಗಿರೀಶ್ ಡಾಕ್ಟರು. ಹಳೇ ಹುಬ್ಬಳ್ಳಿಯಲ್ಲಿ ಇವರಿಗೆ ಸೂಜಿ ಡಾಕ್ಟ್ರು ಎಂದೇ ಹೆಸರು. ಬರೀ ಗುಳಿಗೆ ಕೊಟ್ಟು ಕಳಿಸಿದರೆ ನಮ್ಮ ಮಂದಿ ಮೋಸ ಹೋದವರಂತೆ ಮುಖ ಮಾಡುತ್ತಾರೆ. ಒಂದು ಸೂಜಿ ಬಿದ್ದರೆ ಅರ್ಧ ಜ್ವರ ಅಲ್ಲೇ ಇಳಿಯುತ್ತದೆ.

ಜರ್ಮನಿಯಲ್ಲಿ ಇವರ ಡಿಗ್ರಿ ನಡೆಯುವುದಿಲ್ಲ. ಭಾಷೆ ಕಲಿಯಬೇಕು, ಪರೀಕ್ಷೆಗಳನ್ನು ಪಾಸು ಮಾಡಬೇಕು. ಉಳಿದ ಮನೆಗಳಲ್ಲಿ ಗಂಡ ಆಫೀಸಿಗೆ, ಹೆಂಡತಿ ಮನೆಯಲ್ಲಿ. ನಮ್ಮಲ್ಲಿ ಎಲ್ಲವೂ ತಿರುವುಮುರುವು. ನಾನು ಕೆಲಸದಿಂದ ಬರುವಷ್ಟರಲ್ಲಿ ಇವರು ರೊಟ್ಟಿ ಬಡಿದಿಟ್ಟಿರುತ್ತಿದ್ದರು. ಆ ಸಪ್ಪಳಕ್ಕೆ ಕೆಳಗಿನ ಮನೆಯಾಕೆ ಹತ್ತಿ ಬಂದು, ವಿಶ್ರಾಂತಿಯ ಹೊತ್ತಿನಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂದು ಹೇಳಿ ಹೋಗಿದ್ದಳು. ಮೊಳೆಯಲ್ಲ, ಊಟ ಎಂದು ಹೇಳುವಷ್ಟು ಜರ್ಮನ್ ಇವರ ಬಳಿ ಇರಲಿಲ್ಲ. ಕಲಿಯುವ ಮನಸ್ಸೂ ಇರಲಿಲ್ಲ. ಪುಸ್ತಕ ತಂದುಕೊಟ್ಟರೆ ಅದರ ಮೇಲೆ ಚಹಾದ ಕಪ್ ಇಡುತ್ತಿದ್ದರು. ಓಣಿಯುದ್ದಕ್ಕೂ ಕೈಮುಗಿಸಿಕೊಂಡು ನಡೆದ ಮನುಷ್ಯ ಇಲ್ಲಿ ಯಾರಿಗೂ ಬೇಡವಾಗಿ ಕಿಟಕಿಯ ಹತ್ತಿರ ಕೂರುವಂತಾಗಿತ್ತು.

ಅಷ್ಟರಲ್ಲಿ ನಮ್ಮ ಆಫೀಸಿನ ಕ್ರಿಸ್‌ಮಸ್ ಪಾರ್ಟಿಯ ಲಾಟರಿಯಲ್ಲಿ ನನ್ನ ಚೀಟಿ ಎದ್ದಿತು. ಬಹುಮಾನವಾಗಿ ಇಬ್ಬರಿಗೆ ಕೆರಿಬಿಯನ್ ದ್ವೀಪವೊಂದರಲ್ಲಿ ರಜೆ. ಕುಣಿಯುತ್ತ ಮನೆಗೆ ಬಂದು ಹೇಳಿದರೆ ಇವರು ನಕ್ಕರು, ಆಮೇಲೆ ಮೆಲ್ಲಗೆ ಅಂದರು: "ಛಲೋ ಆತು. ಇದೊಂದು ಟ್ರಿಪ್ ಮುಗಿಸಿಕೊಂಡು ನಾ ಹುಬ್ಬಳ್ಳಿಗೆ ಹೋಗ್ತೀನಿ, ಸುಧಾ. ನೀ ನಿನ್ನ ಐದು ವರ್ಷ ಮುಗಿಸಿಕೊಂಡು ಬಾ."

ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ, ಹೋಗಿ ಎನ್ನಲು ಮನಸ್ಸು ಬರಲಿಲ್ಲ. ಊಟಕ್ಕೆ ಬಡಿಸಿದೆ.

ನಮ್ಮೂರಲ್ಲಿ ಪ್ರವಾಸಕ್ಕೆ ಹೊರಟೆವು ಎಂದರೆ ಮೊದಲು ಕೇಳುವುದು, ಬುತ್ತಿಗೆ ಏನು ಕಟ್ಟಿಕೊಂಡಿರಿ ಎಂದು. ಇಲ್ಲಿ ನನ್ನ ಪಕ್ಕದ ಮೇಜಿನ ಮೋನಿಕಾ ಕೇಳಿದ್ದು, ಯಾವ ಯಾವ ಲಸಿಕೆ ಹಾಕಿಸಿಕೊಂಡೆ ಎಂದು. ಮರುದಿನ ಒಂದು ಪಟ್ಟಿಯನ್ನೇ ತಂದಳು. ಥರ್ಮಾಮೀಟರು, ಬ್ಯಾಂಡೇಜು, ಭೇದಿ ನಿಲ್ಲಿಸುವ ಗುಳಿಗೆ, ಸೊಳ್ಳೆಗೆ ಸ್ಪ್ರೇ, ಬಿಸಿಲಿಗೆ ಬೇರೆ ಸ್ಪ್ರೇ. ಇವರು ಅದನ್ನೋದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ಗ ಸೊಳ್ಳಿ ಬಗ್ಗೆ ಕಲಸ್ತಾರ, ನೋಡು! ಹುಬ್ಬಳ್ಳಿ ಸೊಳ್ಳಿ ಹಾಲು ಕುಡಿಸಿ ಬೆಳೆಸಿದ ಮೈ ಇದು."

ಆದರೂ ವಿಮೆಯ ದೃಷ್ಟಿಯಿಂದ ಒಮ್ಮೆ ಹೋಗಿ ಬಾ ಎಂದು ಮೋನಿಕಾ ಒತ್ತಾಯ ಮಾಡಿದ್ದರಿಂದ ನಾವು ಆ ಗಟ್ಟಿಮುಟ್ಟು ರೋಗಿಗಳ ನಡುವೆ ಹೋಗಿ ಕೂತದ್ದು.

ಒಳಗಿದ್ದ ಡಾಕ್ಟರಮ್ಮ ಐವತ್ತು ದಾಟಿದವರು, ಬಿಳಿ ಕೂದಲು ಗಿಡ್ಡಗೆ ಕತ್ತರಿಸಿಕೊಂಡವರು. ಮೊದಲ ಮಾತೇ, "ನಿಮ್ಮ ಇಂಪ್ಫ್‌ಪಾಸ್ ಎಲ್ಲಿ?" ಹುಟ್ಟಿದಾಗಿನಿಂದ ಹಾಕಿಸಿಕೊಂಡ ಲಸಿಕೆಗಳನ್ನೆಲ್ಲ ಬರೆದಿಡುವ ಹಳದಿ ಪುಸ್ತಕವದು; ಜರ್ಮನರು ಅದನ್ನು ಜಾತಕದ ಹಾಗೆ ಕಾಪಾಡುತ್ತಾರೆ. ನಮ್ಮ ಬಳಿ ಜಾತಕವಿತ್ತು, ಅದು ಇರಲಿಲ್ಲ. ಇವರು ತೋಳು ಮೇಲೇರಿಸಿ, ಚಿಕ್ಕಂದಿನಲ್ಲಿ ಸಿಡುಬಿಗೆಂದು ದಾಕು ಹಾಕಿದ ಕಲೆಯನ್ನು ತೋರಿಸಿದರು. ಡಾಕ್ಟರಮ್ಮ ಕನ್ನಡಕ ಸರಿಪಡಿಸಿಕೊಂಡು ಶಿಲಾಶಾಸನ ಓದುವವರ ಹಾಗೆ ಅದನ್ನು ನೋಡಿದರು. ತಾರೀಖು ಸಿಗಲಿಲ್ಲ.

ಆಮೇಲೆ ಪಾಠ ಶುರುವಾಯಿತು. ನಲ್ಲಿಯ ನೀರು ಕುಡಿಯಬೇಡಿ. ಐಸ್ ಮುಟ್ಟಬೇಡಿ. ರಸ್ತೆ ಬದಿಯಲ್ಲಿ ಕತ್ತರಿಸಿಟ್ಟ ಹಣ್ಣು ತಿನ್ನಬೇಡಿ. ಸಂಜೆ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಆಕೆ ಬೇಡ ಎಂದದ್ದನ್ನೆಲ್ಲ ನಾನು ಕಾಲೇಜಿಗೆ ಹೋಗುವ ದಾರಿಯಲ್ಲೇ ದಿನಾ ಮಾಡಿ ಮುಗಿಸುತ್ತಿದ್ದೆ. ಆಕೆ ಬಣ್ಣಿಸುತ್ತಿದ್ದ ಭಯಂಕರ ದ್ವೀಪ ಸೊಳ್ಳೆ ಸಮೇತ ನಮ್ಮ ಓಣಿಯ ಹಾಗೆಯೇ ಕೇಳಿಸುತ್ತಿತ್ತು. ಊರಿನ ನೆನಪಾಗಿ ನಾನು ಕಣ್ಣೊರೆಸಿಕೊಂಡೆ. ಡಾಕ್ಟರಮ್ಮ ನಾನು ಹೆದರಿದೆನೆಂದು ತಿಳಿದು ನನ್ನ ಕೈ ಸವರಿದರು.

ಮೊದಲು ನನಗೆ ಸೂಜಿ ಹಾಕಿದರು. ತಿರುಗಿ ನೋಡಿದರೆ ಇವರ ಮುಖ ಬೆಳ್ಳಗಾಗಿತ್ತು. ಸಾವಿರಾರು ಜನರಿಗೆ ಚುಚ್ಚಿದ ಸೂಜಿ ಡಾಕ್ಟ್ರಿಗೆ ಸೂಜಿ ಕಂಡರೆ ಜೀವಭಯ ಎಂದು ನನಗೆ ಗೊತ್ತಾದದ್ದೇ ಅಂದು! ತಮಗೆ ಎಲ್ಲ ರೋಗಗಳೂ ಒಗ್ಗಿವೆ ಎಂದು ಇಂಗ್ಲಿಷಿನಲ್ಲಿ ವಾದಿಸಿದರು. ಹಾಗಿದ್ದರೆ ರಕ್ತ ತೆಗೆದು ನೋಡೋಣ ಎಂದರು ಆಕೆ. ಅದಕ್ಕೂ ಸೂಜಿಯೇ ಬೇಕು. ಬೇರೆ ದಾರಿ ಕಾಣದೆ ಇವರು ಎದ್ದರು.

ಡಾಕ್ಟರಮ್ಮ ಮೇಜಿನ ಕಡೆ ತಿರುಗಿ ಔಷಧಿ ತುಂಬಿಕೊಳ್ಳುತ್ತಿದ್ದರು. ಇವರು ನೆಟ್ಟಗೆ ಪರದೆಯ ಹಿಂದಿನ ಹಾಸಿಗೆಗೆ ಹೋಗಿ, ಬೆಲ್ಟು ಸಡಿಲಿಸಿ, ಪ್ಯಾಂಟು ಒಂದಿಷ್ಟು ಕೆಳಗೆ ಸರಿಸಿ, ಬೋರಲಾಗಿ ಮಲಗಿ ಕಣ್ಣು ಮುಚ್ಚಿಕೊಂಡರು. ಹುಬ್ಬಳ್ಳಿಯಲ್ಲಿ ಸೂಜಿ ಎಂದರೆ ಸೊಂಟಕ್ಕೆ. ತೋಳಿಗೆ ಹಾಕಿಸಿಕೊಂಡವರಿಗೆ ಹಾಕಿಸಿಕೊಂಡ ಸಮಾಧಾನವೇ ಇರುವುದಿಲ್ಲ. ಸಿರಿಂಜು ಹಿಡಿದು ಬಂದ ಡಾಕ್ಟರಮ್ಮ ಪರದೆ ಸರಿಸಿದವರು ಹಾಗೇ ನಿಂತುಬಿಟ್ಟರು.

"ಏನು ಮಾಡುತ್ತಿದ್ದೀರಿ?" ಎಂದು ಜರ್ಮನ್‌ನಲ್ಲೇ ಕೇಳಿದರು; ನಿಮ್ಮ ಉದ್ಯೋಗವೇನು ಎಂದು ಕೇಳುವುದೂ ಇಲ್ಲಿ ಅದೇ ಮಾತಿನಲ್ಲಿ.

ಇವರು ಕಣ್ಣು ತೆರೆಯಲಿಲ್ಲ. ತಿಂಗಳುಗಟ್ಟಲೆ ನನ್ನಿಂದ ಪಾಠ ಹೇಳಿಸಿಕೊಂಡರೂ ಬಾಯಿಂದ ಹೊರಡದಿದ್ದ ಜರ್ಮನ್, ದಿಂಬಿನೊಳಗಿಂದ ತಪ್ಪಿಲ್ಲದೆ ಹೊರಟಿತು: "ಇಷ್ ಬಿನ್ ಆರ್ಟ್ಸ್ಟ್." ನಾನು ಡಾಕ್ಟರು.

ನಾನು ನೆಲ ಬಿರಿಯಲಿ ಎಂದು ಕಾಯುತ್ತಿದ್ದೆ. ಡಾಕ್ಟರಮ್ಮ ನಗುವನ್ನು ತಡೆದುಕೊಂಡು, ಗಂಭೀರವಾಗಿ, "ಹಾಗಾದರೆ ದಯವಿಟ್ಟು ಎದ್ದು ಕೂರಿ, ಹೆರ್ ಕೊಲೇಗೆ," ಎಂದರು. ಇಲ್ಲಿ ಡಾಕ್ಟರು ಡಾಕ್ಟರನ್ನು ಕರೆಯುವುದು ಹಾಗೆ, ನನ್ನ ಸಹೋದ್ಯೋಗಿಗಳೇ ಎಂದು. ಇವರು ಬೆಲ್ಟು ಬಿಗಿದು ಎದ್ದು ಕೂತರು. ಎಡಗೈ ಚಾಚಿದರು. ಸೂಜಿ ಒಳಗೆ ಹೋದದ್ದೂ ಇವರಿಗೆ ತಿಳಿದಂತೆ ಕಾಣಲಿಲ್ಲ.

ಆಮೇಲೆ ಅರ್ಧ ಗಂಟೆ ಇಬ್ಬರೂ ಮುರುಕು ಇಂಗ್ಲಿಷಿನಲ್ಲಿ ಟೈಫಾಯಿಡ್ ಮಾತಾಡಿದರು. ಆಕೆ ಟೈಫಾಯಿಡ್ ಲಸಿಕೆ ಹಾಕುತ್ತಲೇ ವಯಸ್ಸಾದವರು, ಅದರ ರೋಗಿಯನ್ನು ಒಮ್ಮೆಯೂ ಕಂಡಿರಲಿಲ್ಲ. ಇವರು ರೋಗಿಗಳನ್ನು ಕಂಡು ಕಂಡು ಸೋತವರು, ಅದರ ಲಸಿಕೆ ಹಾಕಿಸಿಕೊಳ್ಳಲು ಬಂದವರನ್ನು ಒಮ್ಮೆಯೂ ಕಂಡಿರಲಿಲ್ಲ. ಹೊರಗೆ ಕಾಯುತ್ತಿದ್ದ ಗಟ್ಟಿಮುಟ್ಟಿನವರು ಮೊದಲ ಬಾರಿಗೆ ಗಡಿಯಾರ ನೋಡಿಕೊಂಡರು. ಹೊರಡುವಾಗ ಡಾಕ್ಟರಮ್ಮ, ಜರ್ಮನ್ ಸುಧಾರಿಸಿಕೊಂಡರೆ ತಮ್ಮ ಪಕ್ಕ ಕೂತು ಕೆಲಸ ನೋಡಬಹುದು, ಮುಂದೆ ಪರೀಕ್ಷೆಗೆ ನೆರವಾದೀತು ಎಂದರು.

ದ್ವೀಪ ಹೇಗಿತ್ತು ಎಂದು ಕೇಳಬೇಡಿ. ತೆಂಗಿನ ಮರ ಇತ್ತು, ಸಮುದ್ರ ಇತ್ತು. ಇವರು ಅದಕ್ಕೆ ಬೆನ್ನು ಹಾಕಿ ಜರ್ಮನ್ ವ್ಯಾಕರಣ ಉರು ಹೊಡೆಯುತ್ತಿದ್ದರು. ಒಂದು ಸೊಳ್ಳೆಯೂ ನಮ್ಮನ್ನು ಮೂಸಲಿಲ್ಲ. ಹುಬ್ಬಳ್ಳಿಯ ಟಿಕೆಟ್ಟಿನ ಮಾತು ಇವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಬೇಸಿಗೆಯ ಹೊತ್ತಿಗೆ ಇವರು ಡಾಕ್ಟರಮ್ಮನ ಪಕ್ಕ ಕೂರತೊಡಗಿದ್ದರು. ಒಂದು ದಿನ ಮನೆಗೆ ಬಂದವರು ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತರು. ಹಂಪಿ, ಬಾದಾಮಿ ನೋಡಲು ಹೊರಟ ಗಂಡಹೆಂಡಿರು ಬಂದಿದ್ದರಂತೆ. ನಿಮ್ಮ ದೇಶವಲ್ಲವೇ, ನೀವೇ ತಿಳಿಸಿ ಎಂದು ಡಾಕ್ಟರಮ್ಮ ಇವರಿಗೇ ಬಿಟ್ಟರಂತೆ.

"ನಮ್ಮೂರ ನೀರು ಕುಡೀಬ್ಯಾಡ್ರಿ ಅಂತ ನನ್ನ ಬಾಯಿಂದನ ಹೇಳಿ ಬಂದೆ, ಸುಧಾ," ಎಂದರು. "ಹೇಳಿದ್ದು ಖರೇನ ಐತಿ. ಆದ್ರೂ ಅವ್ವನ ಬಗ್ಗೆ ಚಾಡಿ ಹೇಳಿದಂಗಾತು."

ಆ ದೀಪಾವಳಿಗೆ ಊರಿಗೆ ಹೋದೆವು. ಹೊಸಿಲು ದಾಟಿದ ಕೂಡಲೇ ಅತ್ತೆ ಎಂದಿನಂತೆ ತಂಬಿಗೆ ನೀರು, ಬೆಲ್ಲದ ಚೂರು ತಂದು ಮುಂದಿಟ್ಟರು. ಇವರು ತಂಬಿಗೆ ಎತ್ತಿಕೊಂಡರು. ಬಾಯಿಗೆ ಹಿಡಿಯುವ ಮೊದಲು, ತಮಗೇ ಅರಿವಿಲ್ಲದೆ, ಒಂದು ಗಳಿಗೆ ತಡೆದು ನೀರನ್ನು ನೋಡಿದರು.

"ಕುಡಿಯಪಾ," ಎಂದರು ಅತ್ತೆ. "ನಿಮಗಂತನ ಕುದಿಸಿ ಆರಿಸಿ ಇಟ್ಟೀನಿ."

ಆ ಮನೆಯಲ್ಲಿ ನೆಂಟರಿಗೂ ಯಾರೂ ನೀರು ಕುದಿಸಿದ್ದಿಲ್ಲ. ಇವರು ತಂಬಿಗೆಯನ್ನು ಹಾಗೇ ಕೆಳಗಿಟ್ಟು, ಬರಬರನೆ ಹಿತ್ತಲಿಗೆ ಹೋಗಿ, ನಲ್ಲಿಗೆ ಬೊಗಸೆ ಒಡ್ಡಿ ಅಂಗಿ ತೊಯ್ಯುವಂತೆ ಗಟಗಟ ಕುಡಿದು ಬಂದರು. ಅತ್ತೆ ತಂಬಿಗೆಯ ಮೇಲೆ ತಟ್ಟೆ ಮುಚ್ಚಿ ಒಳಗಿಟ್ಟರು.

ಮರುದಿನ ಇವರು ಹೊಟ್ಟೆ ಹಿಡಿದುಕೊಂಡು ಮಲಗಿದರು. ಹಬ್ಬ ಮುಗಿಯುವ ತನಕ ಅತ್ತೆ ಪಕ್ಕದಲ್ಲೇ ಕೂತು, ಆ ಕುದಿಸಿದ ನೀರನ್ನೇ ಚಮಚದಿಂದ ಮಗನಿಗೆ ಕುಡಿಸಿದರು.