ಕೋಳಿಯ ಗಾಯಕ್ಕೆ ಕೆಂಪು ಔಷಧಿ

ಹೊಸದಾಗಿ ತಂದ ಮೂರು ಎಳೇ ಕೋಳಿಗಳನ್ನು ನನ್ನ ತಂಗಿ ಮಾಲಾ ಹಿತ್ತಲಲ್ಲಿ ಜಾಲರಿ ಕಟ್ಟಿ ಅದರ ಹಿಂದೆ ಇಟ್ಟಿದ್ದಳು. ಹಳೇ ಕೋಳಿಗಳು ಇವನ್ನು ನೋಡಲಿ, ಇವು ಅವನ್ನು ನೋಡಲಿ, ಮುಖಪರಿಚಯ ಆದಮೇಲೆ ಒಟ್ಟಿಗೆ ಬಿಡೋಣ ಅಂತ. ಸೂಟ್‌ಕೇಸ್ ಹಿಡಿದುಕೊಂಡು ನಾನು ಅದೇ ಮನೆಗೆ ಬಂದಾಗ ಮಾತ್ರ ಯಾವ ಜಾಲರಿಯೂ ಇರಲಿಲ್ಲ. ನೇರ ಹಜಾರಕ್ಕೆ. ಕೃಷ್ಣಮೂರ್ತಿಪುರಂನ ಅರ್ಧ ಬೀದಿಯೇ ಕೂತಿದ್ದ ಹಜಾರಕ್ಕೆ.

(ಅರ್ಧ ಬೀದಿ ಅಂದದ್ದು ಹೆಚ್ಚಾಯಿತೇನೋ. ಮೂರೋ ನಾಲ್ಕೋ ಜನ ಇದ್ದಿರಬೇಕು. ಇಂಥ ಕಡೆ ನೆನಪು ತಾನಾಗಿಯೇ ಕುರ್ಚಿ ಸೇರಿಸುತ್ತದೆ.)

"ನಮ್ಮಕ್ಕ" ಅಂದಳು ಮಾಲಾ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಪಾಪ, ಡೈವೋರ್ಸ್ ಆಗೋಯ್ತು, ಈ ವಯಸ್ಸಲ್ಲಿ. ಇನ್ಮೇಲೆ ನಮ್ಜೊತೆನೇ ಇರ್ತಾಳೆ. ನೀವೂ ಸ್ವಲ್ಪ ನೋಡ್ಕೊಳಿ."

ನೋಡಿಕೊಳ್ಳುವುದಕ್ಕೆ ಏನಿತ್ತು? ನೋಡಿದರು, ಅಷ್ಟೇ. ಮೊದಲು ನನ್ನ ಕುತ್ತಿಗೆ, ಆಮೇಲೆ ಕಾಲುಂಗುರ.

ಇಷ್ಟು ವಾರ ಈ ಅಂಕಣ ಓದಿಕೊಂಡು ಬಂದ ನಿಮಗೂ ನನ್ನ ಸಂಸಾರದ ವಿಷಯ ಹೇಳಿರಲಿಲ್ಲ. ಹೇಳುವಂಥದ್ದೂ ಇಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಮಾತಿಲ್ಲದೆ ಇದ್ದೆವು, ಈಗ ಎರಡು ಮನೆಗಳಲ್ಲಿ ಮಾತಿಲ್ಲದೆ ಇದ್ದೇವೆ. ಕೋರ್ಟಿನಲ್ಲಿ ಸಹಿ ಹಾಕಿ ಹೊರಗೆ ಬಂದು ಒಂದು ಕಾಫಿ ಕುಡಿದೆ. ಚೆನ್ನಾಗಿತ್ತು. ಅಥವಾ ಚೆನ್ನಾಗಿತ್ತು ಅಂತ ಆಮೇಲೆ ತೀರ್ಮಾನಿಸಿದೆನೋ? ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತೇನೆ. ಅಲ್ಲೇ ಹತ್ತಿರದಲ್ಲಿ ಒಂದು ರೂಮು, ಒಂದು ಅಡುಗೆಮನೆ ಬಾಡಿಗೆಗೆ ಸಿಕ್ಕಿದರೆ ಸಾಕು. ನನ್ನ ಬೀಗ, ನನ್ನ ಕೀ. ಸದ್ಯಕ್ಕೆ ಬೇರೆ ಆಸೆ ಇಲ್ಲ. ಅದು ಸಿಗುವವರೆಗೆ ತಂಗಿ ಮನೆ.

ಕೋಳಿಗಳ ವಿಷಯಕ್ಕೆ ಬರುತ್ತೇನೆ.

ಮಾಲಾಳ ಹಿತ್ತಲಲ್ಲಿ ಐದು ಹಳೇ ಕೋಳಿಗಳಿವೆ. ಅವುಗಳಲ್ಲಿ ದಪ್ಪಗಿರುವುದರ ಹೆಸರು ದೊಡ್ಡಮ್ಮ. ಕಾಳು ಹಾಕಿದರೆ ದೊಡ್ಡಮ್ಮನ ಕೊಕ್ಕು ಇಳಿಯುವವರೆಗೆ ಮಿಕ್ಕವು ಕಾಯುತ್ತವೆ. ಇಂಥ ಸಂಸಾರಕ್ಕೆ ಹೊಸಬರನ್ನು ಸೇರಿಸಬೇಕಾದರೆ ತಾಳ್ಮೆ ಬೇಕು. ಮಾಲಾಳಿಗೆ ಅದೊಂದು ಇಲ್ಲ.

"ಸಾಕು ಬುಡಕ್ಕ, ಅವೇನು ಹೆಣ್ಣು ನೋಡೋ ಶಾಸ್ತ್ರ ಮಾಡ್ತಿದಾವಾ?" ಅಂತ ಜಾಲರಿ ಬಿಚ್ಚಿಬಿಟ್ಟಳು.

ಮೊದಲ ದಿನ ಬರೀ ಗದರಿಕೆ. ತಟ್ಟೆ ಹತ್ತಿರ ಬರಬೇಡ. ನಾವು ಮಣ್ಣು ಕೆದರೋ ಜಾಗದಲ್ಲಿ ಕೆದರಬೇಡ. ಇದು ಎಲ್ಲ ಕಡೆ ಇರುವುದೇ. (ನಮ್ಮ ಟ್ಯುಟೋರಿಯಲ್‌ನ ಸ್ಟಾಫ್ ರೂಮಿನಲ್ಲಿ ಫ್ಯಾನ್ ಕೆಳಗಿನ ಕುರ್ಚಿಗೂ ಒಬ್ಬ ದೊಡ್ಡಮ್ಮ ಇದ್ದಾರೆ.) ಮಾರನೇ ದಿನ ಮೂರರಲ್ಲಿ ಬಿಳಿಯದಕ್ಕೆ ಬಾಲದ ಬುಡದಲ್ಲಿ ಗಾಯವಾಯಿತು. ಹೆಸರುಕಾಳಿನಷ್ಟು. ಗರಿ ಮುಚ್ಚಿದರೆ ಕಾಣುತ್ತಿರಲಿಲ್ಲ.

ಮಾಲಾ ನೋಡಿದಳು. "ಅಯ್ಯೋ ಕಂದಾ" ಅಂತ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೆಂಪು ಔಷಧಿ ಹಚ್ಚಿದಳು. ಚಿಕ್ಕವರಿದ್ದಾಗ ಅಮ್ಮ ನಮಗೆ ಹಚ್ಚುತ್ತಿದ್ದಂಥದ್ದು. ಈಗ ಹೆಸರು ಬೇರೆ, ಬಾಟಲಿ ಬೇರೆ. ಬಣ್ಣ ಹೆಚ್ಚುಕಡಿಮೆ ಅದೇ. ಹೆಸರುಕಾಳಿನಷ್ಟಿದ್ದದ್ದು ರೂಪಾಯಿಯಷ್ಟಾಯಿತು.

ಮಧ್ಯಾಹ್ನದ ಹೊತ್ತಿಗೆ ಹಿತ್ತಲಿನಲ್ಲಿ ಗಲಾಟೆ. ಅಲ್ಲಿಯವರೆಗೆ ತಮ್ಮ ಪಾಡಿಗೆ ತಾವಿದ್ದ ಕೋಳಿಗಳೂ ಓಡಿಬಂದು ಆ ಕೆಂಪು ಕಲೆಗೇ ಕುಕ್ಕುತ್ತಿದ್ದವು. ದೊಡ್ಡಮ್ಮ ಸರಿ. ಬಿಳಿಯದರ ಜೊತೆ ಒಂದೇ ಬುಟ್ಟಿಯಲ್ಲಿ ಬಂದಿದ್ದ ಮಿಕ್ಕೆರಡೂ ಸೇರಿಕೊಂಡಿದ್ದವು.

ಫೋನಿನಲ್ಲಿ ಹುಡುಕಿ ನೋಡಿದೆ. ಕೋಳಿಗೆ ಕೆಂಪು ಕಂಡರೆ ಕುಕ್ಕಬೇಕು ಅನ್ನಿಸುತ್ತದಂತೆ. ಗಾಯದ ಬಣ್ಣ ಮರೆಸುವಂಥ ನೀಲಿ ಔಷಧಿ ಹಚ್ಚಬೇಕಂತೆ. ಹೋಗಿ ತಂದು ಹಚ್ಚಿದೆ. ಮಾಲಾಳಿಗೆ ಹೇಳಿದೆ.

"ನಾನು ಹಚ್ಚಿದ್ದು ಔಷಧಿ ಕಣಕ್ಕ, ಕಾರದಪುಡಿ ಅಲ್ಲ" ಅಂದಳು. ಅವಳಿಗೆ ನೋವಾಗಿತ್ತು.

ಅವಳ ನೋವು ಸುಳ್ಳಲ್ಲ. ಚಿಕ್ಕಂದಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬಳು ಬಿದ್ದು ಮಂಡಿ ತರಚಿಕೊಂಡದ್ದು, ಅಮ್ಮ ಕೆಂಪು ಔಷಧಿ ಬಳಿದದ್ದು, ಬೀದಿಯವರೆಲ್ಲ "ಎಲ್ಲಿ ಬಿದ್ದೆ ಪುಟ್ಟಿ?" ಅಂತ ಕರೆದು ಕರೆದು ಕೈಗೆ ಏನಾದರೂ ಕೊಟ್ಟದ್ದು ನೆನಪಿದೆ. ನನ್ನ ಪ್ರಕಾರ ಬಿದ್ದವಳು ಮಾಲಾ. ಅವಳ ಪ್ರಕಾರ ನಾನು. ಯಾರ ಮಂಡಿಯೋ ಏನೋ, ಕೆಂಪು ಕಂಡರೆ ಜನ ಮಿಠಾಯಿ ಕೊಡುತ್ತಾರೆ ಅನ್ನುವ ಪಾಠ ಮಾತ್ರ ಅವಳು ಕಲಿತುಬಿಟ್ಟಿದ್ದಾಳೆ.

ಎದುರುಮನೆ ಶಾರದಮ್ಮ ಮಾಲಾಳ ಹತ್ತಿರ ಮೊಟ್ಟೆ ಕೊಳ್ಳುತ್ತಾರೆ. ಅವರ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಮೊಮ್ಮಗನಿಗೆ ಡಾಕ್ಟರ್ ಹೇಳಿದ್ದಾರಂತೆ, ಹಾಗಾಗಿ ಸ್ಟೀಲ್ ಡಬ್ಬಿ, ಮುಚ್ಚಳ, ಮೇಲೊಂದು ಟವೆಲ್. ಹಿಂದೆ ನಾನು ಹಬ್ಬಕ್ಕೆ ಬಂದಾಗಲೆಲ್ಲ ಕರೆದು ಕುಂಕುಮ ಕೊಟ್ಟವರು. ಮೊನ್ನೆ ಶುಕ್ರವಾರವೂ ಇಬ್ಬರನ್ನೂ ಕರೆದರು. ಮಾಲಾಳಿಗೆ ಕೊಟ್ಟರು. ತಟ್ಟೆ ಹಿಡಿದು ನನ್ನ ಮುಂದೆ ಬಂದರು. ನಿಂತರು.

"ಇವರಿಗೆ... ಕೊಡಬಹುದಾ?"

ಕೇಳಿದ್ದು ಮಾಲಾಳನ್ನು.

"ಕೊಡಿ, ಪಾಪ" ಅಂದಳು ನನ್ನ ತಂಗಿ, ಕಣ್ಣು ತುಂಬಿಕೊಂಡು.

ಗಂಡ ಬದುಕಿದ್ದಾನೆ, ಮದುವೆ ಇಲ್ಲ. ಶಾಸ್ತ್ರದಲ್ಲಿ ಇದಕ್ಕೆ ಯಾವ ಕುರ್ಚಿ ಅಂತ ಶಾರದಮ್ಮನಿಗೆ ಗೊತ್ತಾಗಲಿಲ್ಲ. ಹಣೆ ಅದೇ, ತಟ್ಟೆ ಅದೇ. ಯಾರೂ ಹೇಳದಿದ್ದರೆ ಅವರ ಕೈ ತಡೆಯುತ್ತಿತ್ತಾ? ಒಂದೊಂದು ಸಲ ಅನ್ನಿಸುತ್ತದೆ, ಅವರು ತಡೆಯಲೇ ಇಲ್ಲವೇನೋ, ಕಾಯುತ್ತಿದ್ದ ನನಗೇ ತಡೆದಂತೆ ಕಂಡಿತೇನೋ ಅಂತ. ಆದರೆ "ಕೊಡಬಹುದಾ" ಅನ್ನುವ ಮಾತು ಇನ್ನೂ ಕಿವಿಯಲ್ಲಿದೆ.

ಈ ಸೋಮವಾರ ಟ್ಯುಟೋರಿಯಲ್ ಹಿಂದಿನ ಬೀದಿಯಲ್ಲಿ ಒಂದು ಮನೆ ಇದೆ ಅಂತ ಗೊತ್ತಾಯಿತು. ಮಹಡಿ ಮೇಲೆ ಒಂದು ರೂಮು, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಬಿಸಿಲು. ಮಾಲಾ ಜೊತೆಗೆ ಬಂದಳು. ಓನರ್ ಹೆಂಗಸು ಕೀ ಗೊಂಚಲು ಹಿಡಿದು ತಾವೇ ಹತ್ತಿ ಬಂದು ತೋರಿಸಿದರು.

"ಎಷ್ಟು ಜನ ಇರ್ತೀರಿ?"

"ನಾನೊಬ್ಬಳೇ."

"ಒಳ್ಳೇದಾಯ್ತು ಬುಡಿ, ನೀರು ಸಾಲತ್ತೆ."

ನೋಡಿ, ಎಷ್ಟು ಚೆಂದದ ಮಾತು. ನನ್ನ ಬದುಕಿನ ಬಗ್ಗೆ ಈ ವರ್ಷ ಯಾರೂ ಇಷ್ಟು ಒಳ್ಳೆಯ ಮಾತಾಡಿರಲಿಲ್ಲ. ಆಕೆ ಗೊಂಚಲಿನಿಂದ ಒಂದು ಕೀ ಬಿಡಿಸತೊಡಗಿದ್ದರು. ಮಂಚ ಕಿಟಕಿಯ ಕಡೆಗೋ, ಗೋಡೆಯ ಕಡೆಗೋ ಅಂತ ನಾನು ಮನಸ್ಸಿನಲ್ಲೇ ಅಳೆಯುತ್ತಿದ್ದೆ.

ಹಿಂದಿನಿಂದ ಮಾಲಾಳ ದನಿ. "ನಮ್ಮಕ್ಕನ್ನ ಚೆನ್ನಾಗಿ ನೋಡ್ಕೊಳಿ ಕಣಮ್ಮ. ಪಾಪ, ಗಂಡನ ಜೊತೆ ಆಗ್ಲಿಲ್ಲ, ಡೈವೋರ್ಸ್ ಆಗಿದೆ. ನಾವು ಬಿಟ್ರೆ ಯಾರೂ ಇಲ್ಲ ಅವಳಿಗೆ."

ಬಿಡಿಸುತ್ತಿದ್ದ ಕೈ ನಿಂತಿತು. ಗೊಂಚಲು ಸೊಂಟಕ್ಕೆ ಹೋಯಿತು.

"ನಮ್ಮ ಯಜಮಾನ್ರನ್ನ ಒಂದ್ಮಾತು ಕೇಳಿ ಫೋನ್ ಮಾಡ್ತೀನಿ" ಅಂದರು. ನನ್ನ ನಂಬರ್ ಕೇಳಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ಮಾಲಾ ಮೂಗು ಒರೆಸಿಕೊಂಡಳು. "ಜನಕ್ಕೆ ಕರುಣೆನೇ ಇಲ್ಲ ಕಣಕ್ಕ. ಅಷ್ಟು ಹೇಳಿದ್ರೂ ಮನಸ್ಸು ಕರಗ್ಲಿಲ್ಲ ನೋಡು."

"ಅಷ್ಟು ಹೇಳಿದ್ದಕ್ಕೇ ಕಣೇ" ಅಂದೆ. ಅಂದೆ ಅಂತ ನೆನಪು. ಆಟೋ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲವೋ, ಅಥವಾ ನಾನು ಅನ್ನಲೇ ಇಲ್ಲವೋ. ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು.

ಕೋಳಿ ಬದುಕಿದೆ. ಬಾಲದ ಬುಡದಲ್ಲಿ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಸ್ವಲ್ಪ ದಿನ ಮತ್ತೆ ಜಾಲರಿಯ ಹಿಂದೆ ಇತ್ತು, ಈಗ ಹೊರಗೆ ಬಿಟ್ಟಿದ್ದೇನೆ. ದೊಡ್ಡಮ್ಮ ತಿಂದಾದ ಮೇಲೆ ತಟ್ಟೆಯ ಅಂಚಿನಲ್ಲಿ ನಿಂತು ನುಚ್ಚು ಹೆಕ್ಕುತ್ತದೆ. ಯಾರೂ ಅದನ್ನು ಸ್ವಾಗತಿಸಲಿಲ್ಲ. ಯಾರೂ ತಿರುಗಿ ನೋಡುತ್ತಿಲ್ಲ, ಅಷ್ಟೇ. ಅಷ್ಟು ಸಿಕ್ಕಿದ್ದರೆ ನನಗೂ ಸಾಕಿತ್ತು.

ನಾಳೆ ಇನ್ನೊಂದು ಮನೆ ನೋಡುವುದಿದೆ. "ನಿನ್ನೊಬ್ಬಳನ್ನೇ ಎಂಗೆ ಕಳಿಸ್ಲಿ, ನಾನೂ ಬರ್ತೀನಿ" ಅಂತ ಮಾಲಾ ಈಗಾಗಲೇ ಸೀರೆ ತೆಗೆದಿಟ್ಟಿದ್ದಾಳೆ.

ಇಷ್ಟು ಪ್ರೀತಿಯಿಂದ ಜೊತೆಗೆ ಹೊರಟವರನ್ನು ಬೇಡ ಅನ್ನುವುದು ಹೇಗೆ, ನಿಮಗೇನಾದರೂ ಗೊತ್ತಾ?