ಇಂಗ್ಲಿಷ್ ಕೋರಸ್ಸಿಗೆ ಭಜನೆಯ ಚಾಳಿ

"ಇದು ನಾಟಕದ ಕೋರಸ್ ಐತಿ, ಶನಿವಾರದ ಭಜನಿ ಅಲ್ಲ" ಎಂದು ಮತ್ತೆ ಗದರಿದೆ. ಸಿರುಗುಪ್ಪದ ನಮ್ಮ ಕಾಲೇಜಿನ ಹುಡುಗಿಯರು ಇಂಗ್ಲಿಷ್ ಕಾವ್ಯನಾಟಕದ ಸಾಲುಗಳನ್ನು ಒಟ್ಟಿಗೆ ಹೇಳುತ್ತಲೇ ಇರಲಿಲ್ಲ. ರೇಣುಕಾ ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ತಿರುಗಿ ಹೇಳುವರು. ಹೇಳಿ ಹೇಳಿ ಸಾಕಾಗಿ, ಸರಿಯಾದ ಕೋರಸ್ ಹೇಗಿರುತ್ತದೆಂದು ಕೇಳಲಿ ಅಂತ ಅವರನ್ನು ಬಳ್ಳಾರಿಯ ಒಂದು ಚರ್ಚಿಗೆ ಕರೆದೊಯ್ದೆ. ಅಲ್ಲಿ ಗಾಯಕಿಯೊಬ್ಬಳು ಇಂಗ್ಲಿಷ್ ಕೀರ್ತನೆಯ ಒಂದು ಸಾಲು ಹಾಡಿದಳು. ಇಡೀ ಸಭೆ ಅದನ್ನೇ ತಿರುಗಿ ಹಾಡಿತು.

ರೇಣುಕಾ ನನ್ನ ಕಿವಿಯಲ್ಲಿ, "ಮೇಡಂ, ಇವ್ರಿಗೂ ಬೈತೀರೇನ್ರಿ?" ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನಾಟಕದ ಸಾಲು ಎತ್ತಿದಳು. ಸಿಟ್ಟಿನಿಂದ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ ನನ್ನ ಬಾಯಿಯೂ ಎಲ್ಲರೊಂದಿಗೆ ಅದನ್ನೇ ತಿರುಗಿ ಹೇಳಿತು.