ಕಸ್ತೂರಿಯ ಬಾಯಿ ಹೊಲಸಿರಲಿಲ್ಲ

ಕಸ್ತೂರಿಯ ಹಲ್ಲು ಕೆಡಿಸಿದವಳು ನಾನು. ಕೆಡಿಸಿದ್ದಷ್ಟೇ ಆಗಿದ್ದರೆ ಕೈತಪ್ಪು ಎನ್ನಬಹುದಿತ್ತೇನೋ — ಹಲ್ಲಿನ ಡಾಕ್ಟರ ಕೈ ಎಂದೂ ಜಾರುವುದಿಲ್ಲ ಎಂದು ಯಾರು ಹೇಳಿಯಾರು? ಆದರೆ ಆ ತಪ್ಪನ್ನು ನಾನು ಅವಳ ಅತ್ತೆಯ ಎದುರು, ಹತ್ತು ಮಂದಿ ಕೇಳುವಂತೆ, ಅವಳ ತಲೆಗೇ ಕಟ್ಟಿದೆ. ಅದು ಜಾರಿದ್ದಲ್ಲ. ತಿಳಿದು ತಿಳಿದು ಆಡಿದ ಮಾತು.

ನಾವಿಬ್ಬರೂ ರಬಕವಿಯ ಒಂದೇ ಓಣಿಯವರು. ನಮ್ಮಪ್ಪ ಸೀರೆ ವ್ಯಾಪಾರಿ, ಅವಳಪ್ಪ ನೇಕಾರ. ನಾನು ಡಾಕ್ಟರಕಿ ಓದಲು ಹೊರಗೆ ಹೋದೆ, ಅವಳು ಏಳನೆಯ ತರಗತಿ ಮುಗಿಸಿ ಮಗ್ಗಕ್ಕೆ ನಿಂತಳು. ಓದು ಮುಗಿಸಿ ಬಂದು ಪಕ್ಕದ ಬನಹಟ್ಟಿಯಲ್ಲಿ ದವಾಖಾನೆ ತೆರೆದ ದಿನ, ಎಲ್ಲರಿಗಿಂತ ಮೊದಲು ಬಂದು ಆ ಹೊಸ ಕುರ್ಚಿಯ ಮೇಲೆ ಕುಳಿತು, ಅದನ್ನು ಏರಿಸಿ ಇಳಿಸಿ ನಕ್ಕವಳು ಕಸ್ತೂರಿಯೇ. ಅವಳು ನಕ್ಕರೆ ಓಣಿಯ ಆಚೆ ತುದಿಗೆ ಕೇಳುತ್ತಿತ್ತು.

ನಾಲ್ಕು ತಿಂಗಳ ನಂತರ ಬಾಯಿಗೆ ಸೆರಗು ಒತ್ತಿಕೊಂಡು ಬಂದಳು. ಪವರ್‌ಲೂಮಿನ ಲಾಳಿ ಹಾರಿ ಮುಖಕ್ಕೆ ಬಡಿದಿತ್ತು. ಮೇಲಿನ ಎದುರು ಹಲ್ಲೊಂದು ಬೇರಿನವರೆಗೆ ಸೀಳಿತ್ತು. ತೆಗೆಯಲೇಬೇಕಾಯಿತು. ಮುಧೋಳದ ಹುಡುಗನೊಂದಿಗೆ ಅವಳ ಮದುವೆ ನಿಶ್ಚಯವಾಗಿತ್ತು; ಗಾಯ ಮಾಯುವ ಹೊತ್ತಿಗೆ ಮೂರೇ ವಾರ ಉಳಿದಿತ್ತು.

“ತಗದು ಹಾಕೂ ಹಲ್ಲ ಬ್ಯಾಡವ್ವಾ,” ಎಂದಳು ಅವಳ ತಾಯಿ ಗಂಗವ್ವ. “ಗಂಡನ ಮನ್ಯಾಗ ಹಲ್ಲ ಕೈಯಾಗ ಹಿಡಕೊಂಡು ತೊಳಕೋತ ಕುಂತ್ರ ಏನಂದಾರು? ಪಕ್ಕಾ ಕುಂದರೂ ಹಲ್ಲ ಹಾಕಿಬಿಡು.”

ಪಕ್ಕಾ ಹಲ್ಲು ಎಂದರೆ ಬ್ರಿಜ್. ಖಾಲಿ ಜಾಗದ ಎರಡೂ ಬದಿಯ ಗಟ್ಟಿ ಹಲ್ಲುಗಳನ್ನು ಸುತ್ತಲೂ ಸವೆಸಿ, ಅವುಗಳಿಗೆ ಟೊಪ್ಪಿಗೆ ತೊಡಿಸಿ, ನಡುವೆ ಇಲ್ಲದ ಹಲ್ಲನ್ನು ಜೋಡಿಸುವುದು. ಯಾವ ಕೇಡೂ ಮಾಡದ ಎರಡು ಹಲ್ಲುಗಳನ್ನು ಒಂದರ ಸಲುವಾಗಿ ಕಡಿಯಬೇಕು. ಅದಕ್ಕೇ ಕೈಯಲ್ಲಿ ಭಯ ಇರಬೇಕು. ನನಗೆ ಇರಲಿಲ್ಲ. ಅದು ನನ್ನ ದವಾಖಾನೆಯ ಮೊದಲ ಬ್ರಿಜ್, ಬೇಗ ಮುಗಿಸಿ ತೋರಿಸಬೇಕೆಂಬ ಹಮ್ಮು — ಎಡಗಡೆಯ ಹಲ್ಲನ್ನು ಬೇಕಾದ್ದಕ್ಕಿಂತ ಆಳಕ್ಕೆ ಸವೆಸಿಬಿಟ್ಟೆ. ನೀರು ಒರೆಸಿ ನೋಡಿದರೆ ನಟ್ಟನಡುವೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ. ನರ ತೆರೆದುಕೊಂಡಿತ್ತು.

ಆಗ ಮಾಡಬೇಕಾದದ್ದು ನನಗೆ ಗೊತ್ತಿತ್ತು. ಅವಳಿಗೆ ಹೇಳಬೇಕಿತ್ತು, ನರ ತೆಗೆದು ಬೇರು ತುಂಬಬೇಕಿತ್ತು, ಆಮೇಲೆ ಟೊಪ್ಪಿಗೆ. ನಾಲ್ಕಾರು ಸಲ ಕರೆಸಬೇಕಾಗುತ್ತಿತ್ತು, ಅಷ್ಟೇ. ಆದರೆ ಹೊರಗಿನ ಬಾಕಿನ ಮೇಲೆ ಗಂಗವ್ವ ಕುಳಿತಿದ್ದಳು, ಪಕ್ಕದಲ್ಲಿ ಓಣಿಯ ಹೆಂಗಸರು. ‘ಗಟ್ಟಿ ಹಲ್ಲು ಕೆಡಿಸಿದಳಂತೆ’ ಎಂಬ ಮಾತು ಸಂಜೆಯೊಳಗೆ ಎರಡೂ ಊರು ಸುತ್ತಿ ಬರುತ್ತದೆ ಎಂದು — ಇದನ್ನು ಕಾರಣವೆಂದು ಹೇಳುತ್ತಿಲ್ಲ. ಆದದ್ದನ್ನು ಹೇಳುತ್ತಿದ್ದೇನೆ. ಚುಕ್ಕಿಯ ಮೇಲೆ ಔಷಧಿ ಮೆತ್ತಿ ಮುಚ್ಚಿದೆ. ಹತ್ತು ದಿನದಲ್ಲಿ ಬ್ರಿಜ್ ತಯಾರಾಗಿ ಬಂತು. ಅಂಟಿಸುವ ದಿನ ಅವಳು, “ಬಿಸಿ ಚಾ ಕುಡದ್ರ ಝುಮ್ಮ ಅಂತೈತಿ ಬೇ,” ಎಂದಳು.

“ಹೋಗತೈತಿ,” ಎಂದೆ.

“ಇದನ್ನ ಹೆಂಗ ನೋಡಕೋಬೇಕು? ಏನರೆ ಮಾಡಬೇಕನ?”

“ಏನೂ ಬ್ಯಾಡ. ದಿನಾ ತಿಕ್ಕೂವಂಗ ತಿಕ್ಕು, ಸಾಕು.”

ಅದೂ ಸುಳ್ಳೇ. ಬ್ರಿಜ್ಜಿನ ನಡುವಿನ ಹಲ್ಲಿನ ಕೆಳಗೆ ಊಟದ ಚೂರು ಸೇರುತ್ತದೆ, ಅಲ್ಲಿಗೆ ಬ್ರಶ್ ಹೋಗುವುದಿಲ್ಲ. ದಾರ ಪೋಣಿಸಿ, ಒಸಡಿಗೆ ನೋವಾಗದಂತೆ ಆಚೀಚೆ ಎಳೆದು ದಿನವೂ ತೆಗೆಯಬೇಕು. ಹುಟ್ಟಿದಾಗಿನಿಂದ ಎಳೆಗೆ ಎಳೆ ಕೂಡಿಸಿದ ಬೆರಳುಗಳು ಅವಳವು — ಒಂದು ಸಲ ತೋರಿಸಿದ್ದರೆ ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ಮರೆತೆನೇ? ಇಲ್ಲ. ಅವಳನ್ನು ಬೇಗ ಕಳಿಸಬೇಕಿತ್ತು. ಮಾತು ಬೆಳೆದರೆ ಆ ಇನ್ನೊಂದು ಮಾತೂ ಹೊರಬಂದೀತೆಂಬ ಅಳುಕು.

ಮದುವೆಯಲ್ಲಿ ಅವಳು ಬಾಯಿ ತುಂಬ ನಕ್ಕಳು. ಜನ ನನ್ನ ಕೈಗುಣ ಹೊಗಳಿದರು.

ವರ್ಷ ದಾಟಿರಬೇಕು. ಅತ್ತೆಯೊಂದಿಗೆ ಮುಧೋಳದಿಂದ ಬಂದಳು. ತುಟಿ ಮೇಲೆದ್ದು ಊದಿತ್ತು. ಬ್ರಿಜ್ಜಿನ ಮೇಲಿನ ಒಸಡಿನಿಂದ ಕೀವು, ತಡೆಯಲಾಗದ ವಾಸನೆ. ಎಕ್ಸ್‌ರೇ ತೆಗೆದೆ. ತೆಗೆಯುವ ಮೊದಲೇ ನನಗೆ ಗೊತ್ತಿತ್ತು. ಎಡಗಡೆಯ ಹಲ್ಲಿನ ಬೇರಿನ ತುದಿಗೆ ಕಪ್ಪು ಮಚ್ಚೆ, ಮುಚ್ಚಿಟ್ಟದ್ದು ಒಳಗೊಳಗೇ ಕೊಳೆತು ಎಲುಬಿಗೆ ಇಳಿದಿತ್ತು.

ಅತ್ತೆ ಬಾಗಿಲಲ್ಲೇ ನಿಂತು ಕೇಳಿದಳು: “ಯಾಕ ಹಿಂಗಾತ್ರಿ ಡಾಕ್ಟರಬಾಯಿ? ಹಾಕಿ ಇನ್ನೂ ಎಷ್ಟ ದಿನಾ ಆಗ್ಯಾವ?”

ಹೊರಗೆ ಹತ್ತು ಮಂದಿ ಕುಳಿತಿದ್ದರು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು ಹೊಸ ಊರು ಕಟ್ಟಿಕೊಂಡ ಬೀಳಗಿ ಕಡೆಯ ಒಂದು ಕುಟುಂಬ ಅಂದೇ ಮೊದಲ ಸಲ ನನ್ನಲ್ಲಿಗೆ ಬಂದಿತ್ತು, ನನ್ನ ಹೆಸರು ಕೇಳಿ. ನಾನು ಕಸ್ತೂರಿಯ ಮುಖ ನೋಡದೆ ಹೇಳಿದೆ:

“ಬಾಯಿ ಸ್ವಚ್ಛ ಇಟ್ಟಿಲ್ರೀ ಇಕಿ. ಹಲ್ಲು ನೆಟ್ಟಗ ತಿಕ್ಕಿದ್ರ ಹಿಂಗ ಆಗತಿರಲಿಲ್ಲ.”

ಅವಳು ನನ್ನನ್ನೇ ನೋಡಿದಳು. “ದಿನಾ ಎರಡ ಸಲ...” ಎಂದು ಶುರು ಮಾಡಿ ನಿಲ್ಲಿಸಿದಳು. ನಾನೇ ‘ಏನೂ ಬ್ಯಾಡ’ ಎಂದಿದ್ದೆ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಅತ್ತೆ ಮಾತ್ರ ಎಲ್ಲರಿಗೂ ಕೇಳುವಂತೆ, “ಹೊಲಸ ಬಾಯಿ! ನಮಗ ಎಂಥಾಕಿನ್ನ ಕಟ್ಯಾರ ನೋಡ್ರಿ,” ಎಂದಳು.

ಬ್ರಿಜ್ ಒಡೆದು ತೆಗೆದೆ. ಎಡಗಡೆಯ ಹಲ್ಲು ಕಿತ್ತೆ. ಟೊಪ್ಪಿಗೆಯ ಅಂಚಿನಲ್ಲಿ ಹುಳುಕು ಹಿಡಿದು ಬಲಗಡೆಯದೂ ಒಳಗೆ ಟೊಳ್ಳಾಗಿತ್ತು, ಅದೂ ಹೋಯಿತು. ಒಂದು ಹಲ್ಲು ಕಳೆದುಕೊಂಡು ಬಂದವಳನ್ನು ಮೂರು ಹಲ್ಲಿಲ್ಲದೆ ಕಳಿಸಿದೆ. ಯಾವುದನ್ನು ತಾಯಿ ಬೇಡವೆಂದಿದ್ದಳೋ, ಅದೇ ತೆಗೆದು ಹಾಕುವ ಹಲ್ಲು ಕೊಟ್ಟು.

ಆಮೇಲಿನದು ಗಂಗವ್ವನ ಬಾಯಿಂದ ಕೇಳಿದ್ದು. ಆ ಮನೆಯಲ್ಲಿ ಕಸ್ತೂರಿ ನೀರು ಕುಡಿಯುವ ಚರಿಗೆ ಬೇರೆ ಇಟ್ಟರಂತೆ. ಹಿಟ್ಟು ನಾದಲು ಬಿಡಲಿಲ್ಲವಂತೆ. ಮುಂದೆ ಹುಟ್ಟಿದ ಕೂಸಿಗೆ ಅವಳು ಮುದ್ದು ಕೊಟ್ಟರೆ ಅತ್ತೆ ಕೂಸನ್ನು ಕಸಿದುಕೊಳ್ಳುತ್ತಿದ್ದಳಂತೆ. “ನೀ ಆದ್ರೂ ಬುದ್ಧಿ ಹೇಳವ್ವಾ ಅಕಿಗೆ, ಬಾಯಿ ಚಂದ ಇಟಕೋ ಅಂತ,” ಎಂದು ಗಂಗವ್ವ ನನ್ನ ಕೈ ಹಿಡಿದು ಅತ್ತಳು. ನಾನು ಹೂಂ ಎಂದೆ. ಹೂಂ ಎಂದೆನಲ್ಲ —

ನನ್ನ ಹೆಸರು ಬೆಳೆಯಿತು. ಜಮಖಂಡಿಯಿಂದಲೂ ಬ್ರಿಜ್ ಹಾಕಿಸಿಕೊಳ್ಳಲು ಬರತೊಡಗಿದರು. ಒಬ್ಬೊಬ್ಬರನ್ನೂ ಕನ್ನಡಿಯ ಮುಂದೆ ಕೂರಿಸಿ ದಾರ ಹಾಕುವುದನ್ನು ಕಲಿಸುತ್ತಿದ್ದೆ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದು ಕಾಡುತ್ತಿದ್ದೆ. “ಎಷ್ಟ ಕಾಳಜಿಲೆ ಹೇಳತಾರ ನೋಡ್ರಿ,” ಎನ್ನುತ್ತಿದ್ದರು. ಆ ಹೊಗಳಿಕೆ ಬೇವಿನಂತೆ ಕಹಿಯಾಗಿರುತ್ತಿತ್ತು. ಆದರೂ ನುಂಗುತ್ತಿದ್ದೆ.

ಏಳೆಂಟು ವರ್ಷದ ಮೇಲೆ ಮುಧೋಳದ ಒಂದು ಶಾಲೆಗೆ ಮಕ್ಕಳ ಹಲ್ಲು ನೋಡಲು ಹೋಗಿದ್ದೆ. ಒಂದು ಹುಡುಗಿಯ ಒಸಡು ಕೆಂಪಗೆ ಸುಲಿದು ರಕ್ತ ಜಿನುಗುತ್ತಿತ್ತು. “ನಮ್ಮವ್ವ ದಿನಾ ನಾಕ ಸಲ ಉಪ್ಪು ಹಚ್ಚಿ ತಿಕ್ಕತಾಳ್ರಿ,” ಎಂದಳು. “ಇಲ್ಲಾಂದ್ರ ನನ್ನಂಗ ಹೊಲಸ ಬಾಯಿ ಆಗತೈತಿ ಅಂತಾಳ.” ಹೆಸರು ಕೇಳಿದೆ, ತಾಯಿಯ ಹೆಸರೂ ಕೇಳಿದೆ. ಅಕ್ಷತಾ. ಕಸ್ತೂರಿಯ ಮಗಳು.

ಅಂದು ಮಧ್ಯಾಹ್ನವೇ ಆ ಹುಡುಗಿಯ ಹಿಂದೆ ಅವರ ಮನೆಗೆ ನಡೆದೆ. ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಬಾಗಿಲು ತೆಗೆದಳು. ಕುಳಿತುಕೊಳ್ಳದೆ ಎಲ್ಲ ಹೇಳಿದೆ — ಕೆಂಪು ಚುಕ್ಕಿ, ಔಷಧಿ, ದಾರ, ಅತ್ತೆಗೆ ಹೇಳಿದ ಸುಳ್ಳು. ನಿಮ್ಮತ್ತೆಯನ್ನು ಕರಿ, ಅವರ ಮುಂದೆಯೂ ಹೇಳುತ್ತೇನೆ ಎಂದೆ.



“ಅತ್ತಿ ಹೋಗಿ ಎರಡ ವರ್ಷ ಆತು,” ಎಂದಳು. “ಸಾಯೂ ಮುಂದ ಸೈತ ನನ್ನ ಕೈಯಾಗಿನ ನೀರ ಕುಡೀಲಿಲ್ಲ. ಈಗ ಯಾರ ಮುಂದ ಹೇಳತೀ ಬೇ?”



“ನನ್ನ ಮಗಳ ಮುಂದರೆ ಹೇಳು,” ಎಂದು ಅವಳೇ ಅಕ್ಷತಾಳನ್ನು ಕರೆದು ನನ್ನ ಮುಂದೆ ನಿಲ್ಲಿಸಿದಳು.

ಹೇಳಿದೆ. “ನಿಮ್ಮವ್ವ ಬಾಯಿ ಚಲೋನ ಇಟ್ಟಿದ್ಲು. ಹಲ್ಲು ಕೆಡಿಸಿದಾಕಿ ನಾನು. ಸುಳ್ಳು ಹೇಳಿದಾಕಿನೂ ನಾನು.” ಹುಡುಗಿ ಒಮ್ಮೆ ತಾಯಿಯನ್ನು ನೋಡಿ, ಮತ್ತೆ ನನ್ನನ್ನು ನೋಡಿ ಕೇಳಿದಳು: “ಯಾಕ ಹೇಳಿದ್ರಿ?”

“ಹೆದರಿ,” ಎಂದೆ. “ನನ್ನ ಹೆಸರ ಕೆಡತೈತಿ ಅಂತ.”

ಅವಳು ಹೋಗಿ ತಾಯಿಗೆ ಒತ್ತಿ ನಿಂತಳು. ಅಂದು ನನ್ನ ಬಾಗಿಲಲ್ಲಿ ಕುಳಿತು ಆ ಸುಳ್ಳು ಕೇಳಿದ ಹತ್ತು ಮಂದಿಯನ್ನು ಇನ್ನು ಹುಡುಕಲಾರೆ; ಅದಕ್ಕೇ ಇದನ್ನು ಬರೆದಿದ್ದೇನೆ. ಹೊರಟಾಗ ಕಸ್ತೂರಿ ಚಹಾ ಕುಡಿದು ಹೋಗು ಎನ್ನಲಿಲ್ಲ, ಮತ್ತೆ ಬಾ ಎನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.